ನವೀಕರಣಗೊಂಡ ಹಳೆಯ ಹೋಟೆಲಿನಲ್ಲಿ ತಿಂಡಿ-ಊಟ: ಪದೇ ಪದೇ ಕೇಳುವ ಪ್ರಶ್ನೆಗಳು

ಹಳೆಯ ಸಸ್ಯಾಹಾರಿ ಹೋಟೆಲೊಂದು ಕೆಲವು ತಿಂಗಳು ಬಾಗಿಲು ಹಾಕಿ, ಒಳಗೆಲ್ಲ ಒಡೆದು ಕಟ್ಟಿಸಿಕೊಂಡು ಮತ್ತೆ ತೆರೆದಾಗ ಗಿರಾಕಿಗಳು ಕೇಳುವ ಪ್ರಶ್ನೆಗಳಿವು. ಬೆಂಗಳೂರು-ಮೈಸೂರು ಕಡೆಯ ಉಡುಪಿ ಮಾದರಿಯ ಹೋಟೆಲನ್ನು ಮನಸ್ಸಿನಲ್ಲಿಟ್ಟುಕೊಂಡು ಉತ್ತರಿಸಿದ್ದೇವೆ. ಮಿಲಿಟರಿ ಹೋಟೆಲುಗಳ ಲೆಕ್ಕವೇ ಬೇರೆ, ಅದನ್ನು ಇಲ್ಲಿ ತಂದಿಲ್ಲ.

ಮತ್ತೆ ತೆರೆದ ಮೊದಲ ವಾರವೇ ಹೋಗಬಹುದೇ?

ಧಾರಾಳವಾಗಿ. ಆದರೆ ಯಾವ ತಿಂಡಿ ಹೇಳುತ್ತೀರಿ ಎಂಬುದರಲ್ಲಿ ಸ್ವಲ್ಪ ಎಚ್ಚರ ಇರಲಿ. ನವೀಕರಣ ಎಂದರೆ ಗಿರಾಕಿಗೆ ಕಾಣುವುದು ಹೊಸ ಗ್ರಾನೈಟು, ಫಾಲ್ಸ್ ಸೀಲಿಂಗು, ದೀಪ. ರುಚಿಯನ್ನು ಏರುಪೇರು ಮಾಡುವುದು ಒಳಗಿನ ಬದಲಾವಣೆ: ಹೊಸ ಕಾವಲಿ, ಹೊಸ ಬರ್ನರು, ಗ್ರೈಂಡರು ಇಟ್ಟ ಜಾಗ, ಹಿಟ್ಟು ಹುದುಗುವ ಕೋಣೆ. ಅಡುಗೆಯವರ ಕೈಗೆ ಇವೆಲ್ಲ ಒಗ್ಗಲು ಮೂರು ನಾಲ್ಕು ವಾರ ಬೇಕು.

ಅಲ್ಲಿಯವರೆಗೆ ಕಾವಲಿಯನ್ನೂ ಹುದುಗನ್ನೂ ನೆಚ್ಚದ ತಿಂಡಿಗಳೇ ಸುರಕ್ಷಿತ. ಖಾರಾಬಾತ್, ಕೇಸರಿಬಾತ್, ಪೂರಿ-ಸಾಗು, ಬಿಸಿಬೇಳೆಬಾತ್ ಅಂಥವು. ರವೆ ಇಡ್ಲಿಯೂ ಈ ಸಾಲಿಗೇ ಸೇರುತ್ತದೆ, ಏಕೆಂದರೆ ಅದು ಉಬ್ಬುವುದು ಮೊಸರು ಮತ್ತು ಸೋಡದಿಂದ, ರಾತ್ರಿಯಿಡೀ ಹುದುಗಿ ಅಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ತತ್ವಾರ ಬಂದಾಗ ಇದನ್ನು ಶುರು ಮಾಡಿದ್ದು ತಾವೇ ಎಂದು ಬೆಂಗಳೂರಿನ ಎಂಟಿಆರ್‌ನವರು ಹೇಳುತ್ತಾರೆ. ಅಭಾವದಲ್ಲಿ ಹುಟ್ಟಿದ ತಿಂಡಿ ಹೊಸ ಅಡುಗೆಮನೆಯ ಕಷ್ಟದಲ್ಲೂ ಕೈಬಿಡುವುದಿಲ್ಲ.

ದೋಸೆ ಮೊದಲಿನ ಹಾಗಿಲ್ಲ. ಭಟ್ಟರು ಬದಲಾದರೇ?

ಬದಲಾಗಿರಬಹುದು. ಆದರೆ ಬಹಳ ಸಲ ಬದಲಾಗಿರುವುದು ಕಾವಲಿ. ಹತ್ತಾರು ವರ್ಷ ಎಣ್ಣೆ ಕುಡಿದು ಕಪ್ಪಗೆ ಮಿರುಗುತ್ತಿದ್ದ ಹಳೆಯ ಕಬ್ಬಿಣದ ಕಾವಲಿಯನ್ನು ಗುಜರಿಗೆ ಹಾಕಿ, ಉದ್ದದ ಹೊಸ ಪ್ಲೇಟು ಕೂರಿಸಿರುತ್ತಾರೆ. ಹೊಸ ಪ್ಲೇಟಿಗೆ ತುಕ್ಕು ಹಿಡಿಯದಿರಲೆಂದು ಎಣ್ಣೆಯ ಲೇಪ ಇರುತ್ತದೆ. ಅದನ್ನು ಉಜ್ಜಿ ತೊಳೆದು, ಕಾಯಿಸಿ, ತೆಳುವಾಗಿ ಅಡುಗೆ ಎಣ್ಣೆ ಸವರಿ ಹೊಗೆಯಾಡುವವರೆಗೆ ಬಿಟ್ಟು, ಒರೆಸಿ ಮತ್ತೆ ಸವರಬೇಕು. ಹೀಗೆ ಹಲವು ಸುತ್ತು ಆದ ಮೇಲೆ ಕಬ್ಬಿಣದ ಮೇಲೆ ಗಟ್ಟಿಯಾದ ಎಣ್ಣೆಪದರ ನಿಲ್ಲುತ್ತದೆ. ಆ ಪದರ ಕೂರದೆ ವ್ಯಾಪಾರ ಶುರು ಮಾಡಿದರೆ ದೋಸೆ ಕಚ್ಚುತ್ತದೆ, ಕಚ್ಚದಿರಲೆಂದು ಎಣ್ಣೆ ಜಾಸ್ತಿ ಸುರಿಯುತ್ತಾರೆ. ತಟ್ಟೆಗೆ ಬರುವುದು ಎಣ್ಣೆ ಜಿನುಗುವ, ಬಣ್ಣ ಸಮವಿಲ್ಲದ ದೋಸೆ.

ಇನ್ನೊಂದು ತೊಂದರೆ ಶಾಖದ್ದು. ಉದ್ದದ ಪ್ಲೇಟಿನ ಕೆಳಗೆ ಎರಡೋ ಮೂರೋ ಬರ್ನರು ಇದ್ದರೆ ಉರಿಯ ನೇರಕ್ಕೆ ಮಾತ್ರ ಕಾವು ಹೆಚ್ಚು, ಅಂಚಿನಲ್ಲಿ ಕಡಿಮೆ. ನಡುವಿನ ದೋಸೆ ಕೆಂಪಗೆ, ಕೊನೆಯದು ಬಿಳಿಚಿಕೊಂಡು ಬರುತ್ತದೆ. ಪ್ಲೇಟು ತೆಳುವಾಗಿದ್ದರೆ ಇನ್ನೂ ಕಷ್ಟ. ತಣ್ಣನೆ ಹಿಟ್ಟು ಬಿದ್ದ ಕೂಡಲೇ ಕಾವು ಇಳಿಯುತ್ತದೆ, ಅದು ಮತ್ತೆ ಏರುವ ಮೊದಲೇ ಮುಂದಿನ ಸಾಲು ಹುಯ್ಯಬೇಕು. ಹಾಗಾಗಿ ಭಾನುವಾರ ಬೆಳಿಗ್ಗೆ ಒಂಬತ್ತೂವರೆಗೆ ಮೆತ್ತಗಿದ್ದ ಅದೇ ದೋಸೆ, ಮಂಗಳವಾರ ಏಳೂವರೆಗೆ ಗರಿಗರಿ.

ಕಾವಲಿ ಕಣ್ಣಿಗೆ ಬೀಳುವ ಹೋಟೆಲಾದರೆ ಒಂದು ನಿಮಿಷ ನಿಂತು ನೋಡಿ. ದೋಸೆ ಹುಯ್ಯುವವರು ನೀರು ಚಿಮುಕಿಸಿ ಕಡ್ಡಿ ಪೊರಕೆಯಲ್ಲಿ ಗುಡಿಸುತ್ತಾರಲ್ಲ, ಅದು ಬರೀ ಸ್ವಚ್ಛತೆಗಲ್ಲ, ಮೇಲ್ಮೈ ಕಾವು ಇಳಿಸುವುದಕ್ಕೆ. ಕಾವು ಮಿತಿಮೀರಿದರೆ ಹಿಟ್ಟು ತಕ್ಷಣ ಗಟ್ಟಿಯಾಗಿ ಬಟ್ಟಲಿನ ತಳಕ್ಕೆ ಅಂಟಿ ಎದ್ದು ಬರುತ್ತದೆ, ಹರಡುವುದಿಲ್ಲ. ನೀರಿನ ಹನಿ ಮುತ್ತಿನಂತೆ ಉರುಳಾಡಿದರೆ ಕಾವು ಜಾಸ್ತಿ ಎಂದರ್ಥ. ಚುರ್ರೆಂದು ಹರಡಿ ಆರಿದರೆ ಹುಯ್ಯಲು ಹದ. ಪ್ರತಿ ಸಾಲಿಗೂ ಮುಂಚೆ ನೀರು-ಪೊರಕೆ ತಪ್ಪದೆ ಬೀಳುತ್ತಿದ್ದರೆ ಕೈ ಪಳಗಿದೆ ಎಂದು ನೆಚ್ಚಿಕೊಂಡು ಮಸಾಲೆ ದೋಸೆ ಹೇಳಿ. ಇಲ್ಲವಾದರೆ ಸೆಟ್ ದೋಸೆ ಮೇಲು, ಏಕೆಂದರೆ ಅದಕ್ಕೆ ಅಷ್ಟು ಗರಿ ಬೇಕಿಲ್ಲ, ಸ್ವಲ್ಪ ಹೆಚ್ಚುಕಡಿಮೆ ಕಾವನ್ನೂ ತಡೆದುಕೊಳ್ಳುತ್ತದೆ.

‘ರೋಸ್ಟ್’ ಎಂದರೆ ಸಾಕೇ?

‘ಚೆನ್ನಾಗಿ ರೋಸ್ಟ್ ಮಾಡಿ, ಎಣ್ಣೆ ಕಮ್ಮಿ’ ಎಂದು ಎರಡನ್ನೂ ಒಟ್ಟಿಗೆ ಹೇಳಿ. ಬರೀ ರೋಸ್ಟ್ ಎಂದರೆ ಎಣ್ಣೆ ಹೆಚ್ಚು ಹಾಕಿ ಕೆಂಪು ಮಾಡುವವರೂ ಇದ್ದಾರೆ. ಕೆಂಪು ಚಟ್ನಿ ಬೇಡವಾದರೆ ಟೋಕನ್ ಕೊಡುವಾಗಲೇ ತಿಳಿಸಬೇಕು, ಅದು ದೋಸೆ ಕಾವಲಿಯ ಮೇಲಿರುವಾಗಲೇ ಒಳಗೆ ಸೇರುತ್ತದೆ.

ಇಡ್ಲಿ ಕಲ್ಲಿನಂತಿದೆ ಅಥವಾ ಹುಳಿ ಹೊಡೆಯುತ್ತಿದೆ. ಯಾಕೆ?

ಹುದುಗಿನ ಸಮಸ್ಯೆ. ಹಳೆಯ ಅಡುಗೆಮನೆ ಬೆಚ್ಚಗಿರುತ್ತಿತ್ತು, ರುಬ್ಬಿದ ಹಿಟ್ಟು ಎಂಟು ಹತ್ತು ಗಂಟೆಯಲ್ಲಿ ಉಬ್ಬುತ್ತಿತ್ತು. ಹೊಸದರಲ್ಲಿ ದೊಡ್ಡ ಎಕ್ಸಾಸ್ಟು ಬಿಸಿಯನ್ನೆಲ್ಲ ಎಳೆದು ಹಾಕುತ್ತದೆ, ಹಿಟ್ಟನ್ನು ಟೈಲ್ಸ್ ಹಾಕಿದ ತಂಪು ಸ್ಟೋರಿನಲ್ಲಿ ಇಡುತ್ತಾರೆ. ಹುದುಗಿಗೆ ಹಿತವಾದದ್ದು ಹೆಚ್ಚುಕಡಿಮೆ 28ರಿಂದ 32 ಡಿಗ್ರಿ. ಡಿಸೆಂಬರ್-ಜನವರಿಯ ಬೆಂಗಳೂರಿನ ರಾತ್ರಿಯಲ್ಲಿ ಅದು ಸಿಗುವುದಿಲ್ಲ, ಇಡ್ಲಿ ಗಟ್ಟಿಯಾಗುತ್ತದೆ. ಸರಿಪಡಿಸಲು ಹಿಟ್ಟನ್ನು ಬಾಯ್ಲರಿನ ಪಕ್ಕಕ್ಕೆ ತಂದರೆ ಮಧ್ಯಾಹ್ನದ ಹೊತ್ತಿಗೆ ಹುಳಿ. ಬೆಳಿಗ್ಗೆ ಬೇಗ ಹೋದವರಿಗೆ ಗಟ್ಟಿ, ತಡವಾಗಿ ಹೋದವರಿಗೆ ಹುಳಿ ಎಂಬ ಸ್ಥಿತಿ ಒಂದೇ ಹೋಟೆಲಿನಲ್ಲಿ ಒಂದೇ ದಿನ ಇರಬಹುದು. ಎಂಟರಿಂದ ಒಂಬತ್ತರ ನಡುವೆ ತಿಂದು ನೋಡಿ.

ಇನ್ನೊಂದು ವಿಷಯ ಕೇಳಿ ತಿಳಿದುಕೊಳ್ಳಿ: ತಟ್ಟೆಗೆ ಬಟ್ಟೆ ಹಾಕುತ್ತಾರೋ ಪ್ಲಾಸ್ಟಿಕ್ ಹಾಳೆಯೋ? ಇಡ್ಲಿ ಬೇಯಿಸಲು ಪ್ಲಾಸ್ಟಿಕ್ ಹಾಳೆ ಬಳಸಬಾರದೆಂದು ರಾಜ್ಯದ ಆರೋಗ್ಯ ಇಲಾಖೆ 2025ರ ಫೆಬ್ರವರಿಯಲ್ಲಿ ಹೇಳಿದೆ. ಒದ್ದೆ ಬಟ್ಟೆಯಲ್ಲಿ ಬೆಂದ ಇಡ್ಲಿಯ ತಳದಲ್ಲಿ ನೇಯ್ಗೆಯ ಸಣ್ಣ ಗುರುತು ಕಾಣುತ್ತದೆ. ಎಣ್ಣೆ ಸವರಿದ ಬರಿ ತಟ್ಟೆಯಲ್ಲಾದರೆ ನುಣುಪಾಗಿರುತ್ತದೆ, ಆದ್ದರಿಂದ ನುಣುಪು ಕಂಡ ಮಾತ್ರಕ್ಕೆ ದೂರಬೇಡಿ, ಕೇಳಿ.

ಕಾಫಿಗೆ ಯಾವ ಹೊತ್ತು ಸರಿ?

ಬೆಳಿಗ್ಗೆ ಬಾಗಿಲು ತೆರೆದ ಮೊದಲ ಒಂದೆರಡು ಗಂಟೆ, ಮತ್ತೆ ಸಂಜೆಯ ಡಿಕಾಕ್ಷನ್ ಇಳಿಯುವ ಮೂರೂವರೆ-ನಾಲ್ಕರ ಸುಮಾರು. ಇಳಿದ ಡಿಕಾಕ್ಷನ್ ಬಿಸಿಯಲ್ಲಿ ಹೊತ್ತು ಕಳೆದಷ್ಟೂ ಪರಿಮಳ ಹೋಗಿ ಕಹಿ ಉಳಿಯುತ್ತದೆ. ಹಾಲನ್ನು ಮತ್ತೆ ಮತ್ತೆ ಕುದಿಸಿದರೆ ಕೆನೆಗಟ್ಟಿದ ವಾಸನೆ ಬಂದು ಕಾಫಿಯನ್ನು ಮುಚ್ಚಿಬಿಡುತ್ತದೆ. ಹೊಸ ಕೌಂಟರಿನಲ್ಲಿ ಹಿತ್ತಾಳೆ ಫಿಲ್ಟರು ಹೊಳೆಯುತ್ತಿದ್ದರೂ ಕೆಲವೊಮ್ಮೆ ಅದು ಶೋಕಿಗೆ ಇಟ್ಟದ್ದು, ಡಿಕಾಕ್ಷನ್ ಬರುವುದು ಒಳಗಿನ ಸ್ಟೀಲ್ ಬಾಯ್ಲರಿನಿಂದ. ಅದೇನೂ ತಪ್ಪಲ್ಲ. ಪುಡಿ ಮತ್ತು ಹೊತ್ತು ಮುಖ್ಯ. ಕಾಫಿ-ಚಿಕೋರಿ ಮಿಶ್ರಣದಲ್ಲಿ ಚಿಕೋರಿ 49 ಶೇಕಡಾದವರೆಗೆ ಇರಲು ನಿಯಮದಲ್ಲಿ ಅವಕಾಶವಿದೆ. ಮಂದವಾಗಿದ್ದೂ ಕಾಫಿಯ ಗಮಲಿಲ್ಲದಿದ್ದರೆ ಚಿಕೋರಿ ಮುಂದಾಗಿದೆ ಎಂದು ತಿಳಿಯಿರಿ. ಬೈ-ಟು ಬೇಕಿದ್ದರೆ ಟೋಕನ್ ತೆಗೆದುಕೊಳ್ಳುವಾಗಲೇ ಹೇಳಿ. ಹೊಸ ಬಿಲ್ಲಿಂಗ್ ಯಂತ್ರ ಬಂದ ಮೇಲೆ ಕೆಲವೆಡೆ ಬೈ-ಟುವಿಗೂ ಬೇರೆ ಬಟನ್, ಬೇರೆ ರೇಟು.

ಅದೇ ಇಡ್ಲಿಗೆ ಕೆಳಗೆ ಒಂದು ರೇಟು, ಮೇಲಿನ ಎಸಿ ಹಾಲಿನಲ್ಲಿ ಇನ್ನೊಂದು. ಇದು ಸರಿಯೇ?

ಸರಿ. ನಿಂತು ತಿನ್ನುವ ಸೆಲ್ಫ್ ಸರ್ವಿಸ್, ಕೂತು ತಿನ್ನುವ ಸರ್ವಿಸ್, ಎಸಿ ಎಂದು ಮೂರು ರೇಟು ಇಡಬಹುದು. ಆದರೆ ಆರ್ಡರ್ ಮಾಡುವ ಮೊದಲು ಅದು ನಿಮಗೆ ಕಾಣುವಂತಿರಬೇಕು. ಇಲ್ಲಿ ಹಲವರಿಗೆ ಒಂದು ಹಳೇ ತಪ್ಪು ತಿಳಿವಳಿಕೆ ಇದೆ: ಎಸಿ ಎಂದರೆ ತೆರಿಗೆಯೂ ಜಾಸ್ತಿ ಎಂದು. 2017ರ ನವೆಂಬರ್ 15ಕ್ಕೆ ಮುಂಚೆ ಹಾಗಿತ್ತು, ಎಸಿ ಇಲ್ಲದಲ್ಲಿ 12, ಇರುವಲ್ಲಿ 18. ಆಮೇಲೆ ಸಾಮಾನ್ಯ ರೆಸ್ಟೋರೆಂಟುಗಳಿಗೆಲ್ಲ ಎಸಿ ಇರಲಿ ಬಿಡಲಿ 5 ಶೇಕಡಾ. ದುಬಾರಿ ಬಾಡಿಗೆಯ ರೂಮುಗಳಿರುವ ದೊಡ್ಡ ಹೋಟೆಲಿನೊಳಗಿನ ರೆಸ್ಟೋರೆಂಟಿನಲ್ಲಿ ಮಾತ್ರ 18 ಬರಬಹುದು.

ನಿಂತು ತಿನ್ನುವ ಪದ್ಧತಿಗೆ ‘ದರ್ಶಿನಿ’ ಎಂಬ ಹೆಸರು ಅಂಟಿದ್ದು 1983ರಲ್ಲಿ ಜಯನಗರದಲ್ಲಿ ಶುರುವಾದ ಕೆಫೆ ದರ್ಶಿನಿಯಿಂದ. ಈಗ ನವೀಕರಣ ಮಾಡುವವರು ನೆಲಮಹಡಿಗೆ ದರ್ಶಿನಿ, ಮೇಲಕ್ಕೆ ಎಸಿ ಎಂದು ಹಂಚುತ್ತಾರೆ. ಅಡುಗೆಮನೆ ಕೆಳಗಿದ್ದರೆ ಮೇಲೆ ದುಡ್ಡು ಜಾಸ್ತಿ ಕೊಟ್ಟವರಿಗೇ ದೋಸೆ ಆರಿ ಬರುತ್ತದೆ. ಗರಿ ಬೇಕಾದವರು ಕೆಳಗೇ ನಿಲ್ಲಿ.

ಬಿಲ್ಲಿನಲ್ಲಿ ಏನೇನು ನೋಡಬೇಕು?

ತಿಂಡಿಯ ಮೊತ್ತ 480 ರೂಪಾಯಿ ಎಂದಿಟ್ಟುಕೊಳ್ಳಿ. 5 ಶೇಕಡಾ ಜಿಎಸ್‌ಟಿಯಲ್ಲಿ ಕೇಂದ್ರದ ಪಾಲಾದ ಸಿಜಿಎಸ್‌ಟಿ 2.5 ಶೇಕಡಾ 12 ರೂಪಾಯಿ, ರಾಜ್ಯದ ಪಾಲಾದ ಎಸ್‌ಜಿಎಸ್‌ಟಿ ಅಷ್ಟೇ 12. ಒಟ್ಟು 504. ಇದಕ್ಕಿಂತ ಹೆಚ್ಚು ಬಂದಿದ್ದರೆ ನಡುವೆ ‘ಸರ್ವಿಸ್ ಚಾರ್ಜ್’ ಎಂಬ ಸಾಲು ಇರುತ್ತದೆ. 10 ಶೇಕಡಾ ಸೇರಿಸಿದರೆ 528, ಅದರ ಮೇಲೂ ತೆರಿಗೆ ಬಿದ್ದು 554 ರೂಪಾಯಿ 40 ಪೈಸೆ. ಐವತ್ತು ರೂಪಾಯಿ ಎದ್ದು ಹೋಯಿತು.

ಸರ್ವಿಸ್ ಚಾರ್ಜ್ ತೆರಿಗೆಯಲ್ಲ, ಸರ್ಕಾರಕ್ಕೆ ಹೋಗುವುದೂ ಇಲ್ಲ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಅದನ್ನು ಬಿಲ್ಲಿಗೆ ತಾನಾಗಿ ಸೇರಿಸುವಂತಿಲ್ಲ, ಬೇರೆ ಹೆಸರಿನಲ್ಲೂ ವಸೂಲು ಮಾಡುವಂತಿಲ್ಲ. 2025ರ ಮಾರ್ಚ್ 28ರಂದು ದೆಹಲಿ ಹೈಕೋರ್ಟಿನ ಏಕಸದಸ್ಯ ಪೀಠ ಇದನ್ನು ಎತ್ತಿಹಿಡಿಯಿತು. ‘ಸರ್ವಿಸ್ ಚಾರ್ಜ್ ತೆಗೆದು ಬೇರೆ ಬಿಲ್ ಕೊಡಿ’ ಎಂದು ಕ್ಯಾಷಿಯರಿಗೆ ಹೇಳಿ. ಜಗಳದ ದನಿ ಬೇಕಿಲ್ಲ. ಬಡಿಸಿದವರಿಗೆ ಟಿಪ್ಸ್ ಕೊಡಬೇಕೆನಿಸಿದರೆ ಅವರ ಕೈಗೇ ಕೊಡಿ.

ಕಾಂಪೋಸಿಷನ್ ಪದ್ಧತಿಯಲ್ಲಿರುವ ಸಣ್ಣ ಹೋಟೆಲುಗಳು ಗಿರಾಕಿಯಿಂದ ಜಿಎಸ್‌ಟಿ ವಸೂಲು ಮಾಡುವಂತೆಯೇ ಇಲ್ಲ, ತಮ್ಮ ವಹಿವಾಟಿನ ಮೇಲೆ ತಾವೇ ಕಟ್ಟಬೇಕು. ಬಿಲ್ಲಿನ ಮೇಲೆ ಕಾಂಪೋಸಿಷನ್ ಎಂದು ಅಚ್ಚಾಗಿದ್ದೂ ಕೆಳಗೆ 5 ಶೇಕಡಾ ಸೇರಿದ್ದರೆ ಅದು ತಪ್ಪು. 14 ಅಂಕಿಯ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರದ) ಲೈಸೆನ್ಸ್ ಸಂಖ್ಯೆಯೂ ಬಿಲ್ಲಿನಲ್ಲಿರಬೇಕು. 2022ರ ಜನವರಿಯಿಂದ ಅದು ಕಡ್ಡಾಯ, ಮುಂದೆ ದೂರು ಕೊಡುವುದಿದ್ದರೆ ಬೇಕಾಗುವುದು ಅದೇ.

ಕೂತ ಕೂಡಲೇ ನೀರಿನ ಬಾಟಲಿ ತಂದಿಡುತ್ತಾರೆ. ತೆಗೆದುಕೊಳ್ಳಲೇಬೇಕೇ?

ಬೇಡ. ‘ಫಿಲ್ಟರ್ ನೀರು ಕೊಡಿ’ ಅಥವಾ ‘ಬಿಸಿನೀರು ಕೊಡಿ’ ಎನ್ನಿ, ಮುಚ್ಚಳ ಮಾತ್ರ ತೆಗೆಯಬೇಡಿ. ಕೂತು ತಿನ್ನುವ ಹೋಟೆಲಿನಲ್ಲಿ ಬಾಟಲಿಗೆ ಎಂಆರ್‌ಪಿಗಿಂತ ಹೆಚ್ಚು ಹಾಕಿದರೆ ಅದು ಕಾನೂನುಬಾಹಿರವಲ್ಲ, 2017ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಹಾಗೆಂದಿದೆ.

ಮೆನು ಬದಲು ಕ್ಯೂಆರ್ ಕೋಡ್ ಅಂಟಿಸಿದ್ದಾರೆ, ಮೊಬೈಲ್ ನಂಬರೂ ಕೇಳುತ್ತದೆ.

ನಂಬರ್ ಕೊಡಲೇಬೇಕೆಂದಿಲ್ಲ. ಬಿಲ್ಲಿಗಾಗಿ ಮೊಬೈಲ್ ನಂಬರಿಗೆ ಒತ್ತಾಯಿಸಬೇಡಿ ಎಂದು ಗ್ರಾಹಕ ವ್ಯವಹಾರ ಇಲಾಖೆ 2023ರ ಮೇನಲ್ಲಿ ವ್ಯಾಪಾರಿಗಳಿಗೆ ತಿಳಿಸಿದೆ. ಸಪ್ಲೈಯರನ್ನು ಕರೆದು ಬಾಯಲ್ಲೇ ಹೇಳಿ. ಮೆನುವಿನಲ್ಲಿಲ್ಲದ್ದು, ‘ಇವತ್ತೇನು ಬಿಸಿ ಇದೆ?’ ಎಂದು ಕೇಳಿದರೆ ಸಿಗುವಂಥದ್ದು, ಕೋಡಿನಲ್ಲಿ ಎಂದೂ ಇರುವುದಿಲ್ಲ.

ಬಾಳೆ ಎಲೆ ಊಟ ಇನ್ನೂ ಇದೆಯೇ? ಹೇಗೆ ಉಣ್ಣುವುದು?

ಹಲವು ಕಡೆ ನವೀಕರಣದ ನಂತರ ಎಲೆ ಹೋಗಿ, ಸ್ಟೀಲ್ ತಟ್ಟೆಯ ಪ್ಲೇಟ್ ಮೀಲ್ಸ್ ಬಂದಿದೆ. ಎಲೆಗೆ ಉದ್ದನೆ ಮೇಜು, ಬಡಿಸುವವರು ಓಡಾಡಲು ಜಾಗ, ನಾಲ್ಕೈದು ಮಂದಿಯ ಕೈ ಬೇಕು. ನಾಲ್ಕು ಜನರ ಸೋಫಾ ಗೂಡುಗಳಲ್ಲಿ ಅದಾಗದು. ಹಾಗಾಗಿ ಹೋಗುವ ಮೊದಲು ಫೋನಿನಲ್ಲಿ ಎರಡು ಪ್ರಶ್ನೆ ಕೇಳಿ: ಎಲೆ ಊಟವೋ ತಟ್ಟೆಯೋ? ಎರಡನೇ ಸಲ ಬಡಿಸುತ್ತೀರೋ ಇಲ್ಲವೋ?

ಎಲೆ ಇದ್ದರೆ ಹನ್ನೆರಡೂವರೆಗೆ ಹೋಗಿ, ಎರಡರ ನಂತರ ಪಲ್ಯ ಮುಗಿದು ಬದಲಿ ಬಂದಿರುತ್ತದೆ. ಎಲೆಯ ತುದಿ ನಿಮ್ಮ ಎಡಕ್ಕಿರಬೇಕು. ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಪಲ್ಯ, ಗೊಜ್ಜು ಮೇಲ್ಭಾಗಕ್ಕೆ ಬೀಳುತ್ತವೆ. ಅನ್ನಕ್ಕೆ ಮೊದಲು ತೊವ್ವೆ-ತುಪ್ಪ, ಆಮೇಲೆ ಸಾರು ಅಥವಾ ಹುಳಿ, ಕೊನೆಗೆ ಮಜ್ಜಿಗೆ. ಸಾರು ಮೊದಲೋ ಹುಳಿ ಮೊದಲೋ ಎಂಬುದು ಊರಿಂದೂರಿಗೆ ಬೇರೆ, ವಾದಕ್ಕೆ ಇಳಿಯಬೇಡಿ. ಮೊದಲ ಅನ್ನವನ್ನು ಮೂರು ಪಾಲು ಮಾಡಿಕೊಳ್ಳದೆ ಎಲ್ಲವನ್ನೂ ಹುಳಿಗೇ ಕಲಸಿದವರು ಮಜ್ಜಿಗೆಗೆ ಮತ್ತೆ ಅನ್ನ ಹಾಕಿಸಿಕೊಂಡು ಒದ್ದಾಡುವುದನ್ನು ದಿನವೂ ನೋಡಬಹುದು. ಸಾಕೆನಿಸಿದರೆ ಎಲೆಯ ಮೇಲೆ ಕೈ ಅಡ್ಡ ಹಿಡಿಯಿರಿ. ‘ಸ್ವಲ್ಪ’ ಎಂದರೆ ಒಂದು ಸೌಟು ಬೀಳುತ್ತದೆ.

ಈರುಳ್ಳಿ-ಬೆಳ್ಳುಳ್ಳಿ ತಿನ್ನುವುದಿಲ್ಲ. ಗೋಧಿ, ಗೋಡಂಬಿ ಆಗುವುದಿಲ್ಲ. ಏನು ಕೇಳಬೇಕು?

‘ಈರುಳ್ಳಿ ಇದೆಯಾ?’ ಎಂದಷ್ಟೇ ಕೇಳಿದರೆ ಖಾಲಿ ದೋಸೆಗೆ ‘ಇಲ್ಲ’ ಎಂಬ ಉತ್ತರ ಬರುತ್ತದೆ. ಆದರೆ ಕಾವಲಿಗೆ ಎಣ್ಣೆ ಸವರುವುದು ಅರ್ಧ ಹೆಚ್ಚಿದ ಈರುಳ್ಳಿಯಿಂದಲೇ, ಪಕ್ಕದಲ್ಲೇ ಈರುಳ್ಳಿ ದೋಸೆಯೂ ಬೇಯುತ್ತಿರುತ್ತದೆ. ಕಟ್ಟುನಿಟ್ಟಿನವರಿಗೆ ಆವಿಯಲ್ಲಿ ಬೆಂದದ್ದೇ ಸರಿ: ಇಡ್ಲಿ, ಕಾಯಿ ಚಟ್ನಿ. ಸಾಂಬಾರಿಗೆ ಈರುಳ್ಳಿ ಹಾಕುತ್ತಾರೋ ಎಂದು ಬೇರೆಯಾಗಿ ಕೇಳಿ.

ಗೋಧಿಯ ಅಲರ್ಜಿ ಇರುವವರು ಇಂಗನ್ನು ಮರೆಯುತ್ತಾರೆ. ಅಂಗಡಿಯ ಇಂಗಿನಲ್ಲಿ ಸಾಮಾನ್ಯವಾಗಿ ಗೋಧಿಹಿಟ್ಟು ಅಥವಾ ಮೈದಾ ಬೆರೆತಿರುತ್ತದೆ, ಅದು ಸಾರು, ಸಾಂಬಾರು, ಮಜ್ಜಿಗೆಯ ಒಗ್ಗರಣೆಗಳಲ್ಲೆಲ್ಲ ಇರುತ್ತದೆ. ರವೆಯ ತಿಂಡಿಗಳಂತೂ ಗೋಧಿಯವೇ. ಗೋಡಂಬಿ ಖಾರಾಬಾತ್, ಕೇಸರಿಬಾತ್, ರವೆ ಇಡ್ಲಿಯ ನೆತ್ತಿಯ ಮೇಲಿರುತ್ತದೆ, ಕಿತ್ತು ಹಾಕಿದರೆ ಅಲರ್ಜಿಯವರಿಗೆ ಸಾಲದು. ಕಡಲೆಬೀಜ ಚಟ್ನಿಯಲ್ಲಿ ಇರಬಹುದು. ಬಡಿಸುವವರಲ್ಲ, ಅಡುಗೆಯವರೇ ಉತ್ತರ ಹೇಳಬೇಕಾದ ಪ್ರಶ್ನೆಗಳಿವು, ಒಳಗೆ ಕೇಳಿಸಿಕೊಂಡು ಬರಲು ಹೇಳಿ.

ಗೋಬಿ ಮಂಚೂರಿ ಕೆಂಪಗಿಲ್ಲವಲ್ಲ?

ಒಳ್ಳೆಯದೇ ಆಯಿತು. ಕೃತಕ ಬಣ್ಣ ಹಾಕಿದ ಗೋಬಿಯನ್ನು ಕರ್ನಾಟಕದಲ್ಲಿ 2024ರ ಮಾರ್ಚಿನಲ್ಲಿ ನಿಷೇಧಿಸಿದ್ದಾರೆ. ಮೆಣಸಿನಕಾಯಿ ಮತ್ತು ಸೋಯಾ ಸಾಸ್‌ನಿಂದ ಬರುವ ಬಣ್ಣ ಕಂದುಗೆಂಪು. ಕೈಬೆರಳಿಗೆ ಅಂಟಿ ತೊಳೆದರೂ ಹೋಗದ ಕೆಂಪು ಕಂಡರೆ ತಿನ್ನಬೇಡಿ.

ಎಲ್ಲಿ ಕೂರುವುದು ಒಳ್ಳೆಯದು?

ಅಡುಗೆಮನೆಯ ಬಾಗಿಲಿಂದ ದೂರ, ಎಸಿಯ ನೇರಕ್ಕಲ್ಲ. ಒಗ್ಗರಣೆಯ ಘಾಟು ಕೂರುವ ಜಾಗಕ್ಕೆ ಬರುತ್ತಿದ್ದರೆ ಕಾರಣ ಇಷ್ಟು: ಎಕ್ಸಾಸ್ಟು ಹೊರಗೆ ತಳ್ಳುವಷ್ಟು ಗಾಳಿ ಒಳಗೆ ಬರಲು ದಾರಿ ಬಿಟ್ಟಿಲ್ಲ. ಹಳೆಯ ಕಟ್ಟಡದಲ್ಲಿ ಕಿಟಕಿ ಇದ್ದವು, ಈಗ ಗಾಜು ಬಿಗಿದಿದ್ದಾರೆ. ಪ್ರವೇಶದ ಗಾಜಿನ ಬಾಗಿಲನ್ನು ಹೊರಕ್ಕೆ ಎಳೆಯಲು ಬಿಗಿಯಾಗಿ, ಯಾರೋ ಒಳಗಿಂದ ಹಿಡಿದಂತೆ ಅನ್ನಿಸಿದರೆ ಅದೇ ಗುರುತು. ಅಂಥಲ್ಲಿ ಕಣ್ಣುರಿಯುವವರು ಬಾಗಿಲ ಪಕ್ಕದ ಮೇಜನ್ನೇ ಹಿಡಿಯಲಿ.

ವಯಸ್ಸಾದವರಿದ್ದರೆ ಮೊದಲು ಮೆಟ್ಟಿಲು, ಶೌಚಾಲಯ ಯಾವ ಮಹಡಿಯಲ್ಲಿದೆ ಎಂದು ಕೇಳಿ. ಗಾಲಿಕುರ್ಚಿಗೆ ಇಳಿಜಾರು 1:12 ಇರಬೇಕು, ಅಂದರೆ 15 ಸೆಂಟಿಮೀಟರ್ ಎತ್ತರದ ಒಂದು ಮೆಟ್ಟಿಲಿಗೆ 180 ಸೆಂಟಿಮೀಟರ್ ಉದ್ದದ ರ‍್ಯಾಂಪು. ಕಾಲುದಾರಿಯಲ್ಲಿ ಜಾಗವಿಲ್ಲವೆಂದು ಅರ್ಧ ಉದ್ದಕ್ಕೆ ಕಟ್ಟಿ ಮುಗಿಸಿದ ರ‍್ಯಾಂಪಿನಲ್ಲಿ ಒಬ್ಬರೇ ತಳ್ಳಲು ಹೋಗಬೇಡಿ. ಹೊಸ ಪಾಲಿಶಿನ ನೆಲ ಕೈತೊಳೆಯುವ ಜಾಗದ ಸುತ್ತ ಜಾರುತ್ತದೆ.

ಪಾರ್ಸೆಲ್ ಮನೆಗೆ ಬರುವಷ್ಟರಲ್ಲಿ ಮೆತ್ತಗಾಗುತ್ತದೆ.

ಮಸಾಲೆ ದೋಸೆಗೆ ಇದು ತಪ್ಪಿದ್ದಲ್ಲ. ಒಳಗಿನ ಬಿಸಿ ಪಲ್ಯದ ಹಬೆ ಹೊರಗೆ ಹೋಗಲಾರದೆ ದೋಸೆಯನ್ನೇ ನೆನೆಸುತ್ತದೆ. ಪಲ್ಯ ಬೇರೆ ಕಟ್ಟಿಸಿ, ದೋಸೆಯನ್ನು ಬಾಳೆ ಎಲೆಯಲ್ಲಿ ಸಡಿಲವಾಗಿ ಸುತ್ತಿಸಿ, ಮನೆಯಲ್ಲಿ ಒಣ ಕಾವಲಿಯ ಮೇಲೆ ಅರ್ಧ ನಿಮಿಷ ಇಡಿ. ವಡೆಗೆ ಸಾಂಬಾರು ಬೇರೆ. ಕುದಿಯುವ ಸಾಂಬಾರನ್ನು ಪ್ಲಾಸ್ಟಿಕ್ ಕವರಿಗೆ ತುಂಬಿಸಿಕೊಳ್ಳುವ ಬದಲು ಮನೆಯಿಂದ ಸ್ಟೀಲ್ ಡಬ್ಬಿ ಒಯ್ಯಿರಿ, ಹೆಚ್ಚಿನ ಕಡೆ ತಕರಾರಿಲ್ಲದೆ ತುಂಬಿಸಿ ಕೊಡುತ್ತಾರೆ. ಆಗ ಪಾರ್ಸೆಲ್ ಚಾರ್ಜ್ ಹಾಕಿಲ್ಲ ತಾನೇ ಎಂದು ಬಿಲ್ಲಿನಲ್ಲಿ ನೋಡಿ.

ಏನಾದರೂ ಕೆಟ್ಟದ್ದು ಸಿಕ್ಕರೆ?

ಮೊದಲು ಆ ತಟ್ಟೆಯನ್ನು ಒಳಗೆ ಒಯ್ಯಲು ಬಿಡಬೇಡಿ. ಫೋಟೋ ತೆಗೆದು, ಬಿಲ್ ಕೈಗೆ ಪಡೆದು, ಮ್ಯಾನೇಜರನ್ನು ಕರೆಯಿರಿ. ಹಳಸಿದ್ದು, ಕೂದಲು ಇಂಥವನ್ನು ಸಾಮಾನ್ಯವಾಗಿ ಅಲ್ಲೇ ಬದಲಿಸಿಕೊಡುತ್ತಾರೆ ಅಥವಾ ಬಿಲ್ಲಿನಿಂದ ತೆಗೆಯುತ್ತಾರೆ. ತೆರಿಗೆ, ಸರ್ವಿಸ್ ಚಾರ್ಜ್ ತಕರಾರಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಆಹಾರದ ಗುಣಮಟ್ಟದ ದೂರಿಗೆ ಎಫ್‌ಎಸ್‌ಎಸ್‌ಎಐ ಸಹಾಯವಾಣಿ 1800112100. ಲೈಸೆನ್ಸು ಎಲ್ಲರಿಗೂ ಕಾಣುವಲ್ಲಿ ತೂಗುಹಾಕಿರಬೇಕು. ನವೀಕರಣದ ಗಡಿಬಿಡಿಯಲ್ಲಿ ಅದನ್ನು ಮತ್ತೆ ಗೋಡೆಗೆ ಹೊಡೆಯುವುದನ್ನು ಮರೆತವರೂ ಉಂಟು, ಹಾಗಿದ್ದಲ್ಲಿ ಬಿಲ್ಲಿನ ಮೇಲಿನ 14 ಅಂಕಿಯನ್ನೇ ಕೊಡಿ.